ವಿಶೇಷ ತಳಿಯ ಸ್ಟ್ರಾಬೆರಿ ನೆಟ್ಟರೂ ಹೇಳಿದ ರುಚಿ ಏಕೆ ಬರುವುದಿಲ್ಲ?

ಓದುಗರ ಪ್ರಶ್ನೆ: ಬಿಳಿ ಸ್ಟ್ರಾಬೆರಿ, ಆಲ್ಪೈನ್ ಸ್ಟ್ರಾಬೆರಿ, ಮಸ್ಕ್ ಸ್ಟ್ರಾಬೆರಿ ಎಂಬ ಹೆಸರಿನ ಸಸಿಗಳನ್ನು ಆಸೆಯಿಂದ ತರಿಸಿ ನೆಟ್ಟಿದ್ದೇನೆ. ಅನಾನಸಿನ ರುಚಿ, ಕಾಡುಹಣ್ಣಿನ ಕಂಪು ಎಂದೆಲ್ಲ ವಿವರಣೆಯಲ್ಲಿತ್ತು. ಆದರೆ ನನಗೆ ಸಿಕ್ಕಿದ ಹಣ್ಣು ಸಪ್ಪೆಯಾಗಿದೆ, ಕೆಲವು ಗಿಡಗಳಲ್ಲಿ ಹೂವು ಬಿಟ್ಟರೂ ಹಣ್ಣೇ ಕಟ್ಟುವುದಿಲ್ಲ. ದೋಷ ತಳಿಯದೋ, ಆರೈಕೆಯದೋ?

ಉತ್ತರ: ಹಣ್ಣು ಸಪ್ಪೆಯಾಗಲು ಬಹುಪಾಲು ಕಾರಣ ಇವೆರಡೂ ಅಲ್ಲ, ಹಣ್ಣನ್ನು ಬೇಗ ಕೀಳುವುದು. ಕೆಂಪಾದದ್ದೇ ಮಾಗಿದ್ದು ಎಂಬ ಲೆಕ್ಕ ದೊಡ್ಡ ಕೆಂಪು ಸ್ಟ್ರಾಬೆರಿಯಿಂದ ನಮಗೆ ಅಭ್ಯಾಸವಾಗಿದೆ. ಅಪರೂಪದ ತಳಿಗಳಲ್ಲಿ ಹೆಚ್ಚಿನವು ಕೆಂಪಾಗುವುದೇ ಇಲ್ಲ, ಇಲ್ಲವೇ ಕೆಂಪಾದ ಒಂದೆರಡು ದಿನಗಳ ಮೇಲಷ್ಟೇ ತಮ್ಮ ಕಂಪನ್ನು ಪಡೆಯುತ್ತವೆ. ಹೂವು ಬಿಟ್ಟೂ ಹಣ್ಣು ಕಟ್ಟದಿರುವುದಕ್ಕೆ ಕಾರಣ ಬೇರೆಯೇ ಇದೆ. ಅದನ್ನು ವಿವರಿಸುವ ಮೊದಲು ನೀವು ನೆಟ್ಟಿರುವ ಗಿಡಗಳು ಪರಸ್ಪರ ಎಷ್ಟು ದೂರದ ಸಂಬಂಧಿಗಳು ಎಂಬುದನ್ನು ಹೇಳಬೇಕು.

ಎಲ್ಲೆಡೆ ಮಾರಾಟವಾಗುವ ದೊಡ್ಡ ಸ್ಟ್ರಾಬೆರಿ ಎರಡು ಅಮೆರಿಕನ್ ಪ್ರಭೇದಗಳ ಮಿಶ್ರತಳಿ. ಅಮೇದೆ ಫ್ರಾನ್ಸ್ವಾ ಫ್ರೆಜಿಯೆ ಎಂಬ ಫ್ರೆಂಚ್ ಸೇನಾ ಎಂಜಿನಿಯರ್ 1714ರಲ್ಲಿ ಚಿಲಿ ದೇಶದಿಂದ ಹಿಂದಿರುಗುವಾಗ ಅಲ್ಲಿನ ದಪ್ಪ ಹಣ್ಣಿನ ಸ್ಟ್ರಾಬೆರಿ ಗಿಡಗಳನ್ನು ಹಡಗಿನಲ್ಲಿ ತಂದನು. ದೀರ್ಘ ಪ್ರಯಾಣದಲ್ಲಿ ಉಳಿದದ್ದು ಐದು ಗಿಡಗಳು. ಆ ಗಿಡಗಳು ಹೆಣ್ಣು ಹೂವಿನವಾಗಿದ್ದುದರಿಂದ ಯೂರೋಪಿನ ತೋಟಗಳಲ್ಲಿ ಸೊಂಪಾಗಿ ಬೆಳೆದರೂ ಫಲ ಕೊಡಲಿಲ್ಲ. ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದ ರೈತರು ಅವುಗಳ ನಡುವೆ ಬೇರೆ ಜಾತಿಯ ಸ್ಟ್ರಾಬೆರಿಯನ್ನು ನೆಟ್ಟಾಗ ಹಣ್ಣು ಬಂತು. 1764ರಲ್ಲಿ ಆಂತ್ವಾನ್ ನಿಕೊಲಾ ಡ್ಯುಶೆನ್ ಎಂಬ ಹದಿಹರೆಯದ ಸಸ್ಯಾಸಕ್ತನು ಚಿಲಿ ಗಿಡದ ಹೂವಿಗೆ ಮಸ್ಕ್ ಸ್ಟ್ರಾಬೆರಿಯ ಪರಾಗ ಸೋಕಿಸಿ ಪಡೆದ ಹಣ್ಣುಗಳನ್ನು ದೊರೆ ಹದಿನೈದನೆಯ ಲೂಯಿಗೆ ಒಪ್ಪಿಸಿದನು. ಎರಡು ವರ್ಷಗಳ ಅನಂತರ, ಆಗ ತೋಟಗಳಲ್ಲಿ ಕಾಣಿಸಿಕೊಂಡಿದ್ದ ಅನಾನಸಿನ ಕಂಪಿನ ಹೊಸ ಸ್ಟ್ರಾಬೆರಿಯು ಚಿಲಿ ಮತ್ತು ವರ್ಜೀನಿಯಾ ಪ್ರಭೇದಗಳ ಕೂಡಿಕೆಯೆಂದು ಅವನೇ ಗುರುತಿಸಿದನು. ಇಂದಿನ ಎಲ್ಲ ದೊಡ್ಡ ಸ್ಟ್ರಾಬೆರಿಗಳೂ ಆ ವಂಶದವು, ಮತ್ತು ನಿಮ್ಮ ಫಲವಿಲ್ಲದ ಗಿಡಗಳ ಸಮಸ್ಯೆಯು ಫ್ರೆಜಿಯೆ ತಂದ ಗಿಡಗಳ ಸಮಸ್ಯೆಯೇ ಆಗಿರುವ ಸಾಧ್ಯತೆ ಬಹಳ ಹೆಚ್ಚು.

ದೊಡ್ಡ ಸ್ಟ್ರಾಬೆರಿಯ ಜೀವಕೋಶದಲ್ಲಿ ಏಳೇಳರ ಎಂಟು ಗುಂಪುಗಳಾಗಿ ಒಟ್ಟು 56 ವರ್ಣತಂತುಗಳಿವೆ. ಮಸ್ಕ್ ಸ್ಟ್ರಾಬೆರಿಯಲ್ಲಿ 42, ಆಲ್ಪೈನ್ ಸ್ಟ್ರಾಬೆರಿಯಲ್ಲಿ 14 ಮಾತ್ರ. ಬಿಳಿ ಸ್ಟ್ರಾಬೆರಿ ಎಂಬ ಹೆಸರಾದರೋ ಒಂದೇ ಗಿಡದ್ದಲ್ಲ. ಪೈನ್‌ಬೆರಿ ಎಂದು ಮಾರುವ, ಬಿಳಿ ಮೈಯ ಮೇಲೆ ಕೆಂಪು ಬೀಜಗಳಿರುವ ಹಣ್ಣು ದೊಡ್ಡ ಸ್ಟ್ರಾಬೆರಿಯ ಗುಂಪಿಗೇ ಸೇರಿದ್ದು. ‘ಯೆಲ್ಲೋ ವಂಡರ್’ ಎಂಬ ಕೆನೆಬಣ್ಣದ ಪುಟ್ಟ ಹಣ್ಣು ಆಲ್ಪೈನ್ ಜಾತಿಯದು. ಚಿಲಿಯ ಪುರೆನ್ ಸುತ್ತಲಿನ ಬೆಟ್ಟಗಳಲ್ಲಿ ಇಂದಿಗೂ ಕೃಷಿಯಾಗುತ್ತಿರುವ ಬಿಳಿ ಸ್ಟ್ರಾಬೆರಿಯು ಫ್ರೆಜಿಯೆ ತಂದ ಪ್ರಭೇದದ್ದು. ಆದ್ದರಿಂದ ಸಸಿ ಕೊಡುವವರ ಬಳಿ ತಳಿಯ ಹೆಸರಿನ ಜೊತೆಗೆ ಪ್ರಭೇದದ ಹೆಸರನ್ನೂ ಕೇಳಿಕೊಳ್ಳಿ. ಆರೈಕೆಯನ್ನು ನಿರ್ಧರಿಸುವುದು ಬಣ್ಣವಲ್ಲ, ಪ್ರಭೇದ.

ಈಗ ರುಚಿಯ ವಿಷಯಕ್ಕೆ ಬರೋಣ. ಸ್ಟ್ರಾಬೆರಿಯಲ್ಲಿ ಕೂಡಿಟ್ಟ ಪಿಷ್ಟ ಇಲ್ಲವೆನ್ನುವಷ್ಟು ಕಡಿಮೆ. ಬಾಳೆಯ ಕಾಯಿಯನ್ನು ಕಿತ್ತಿಟ್ಟರೆ ಒಳಗಿನ ಪಿಷ್ಟವೇ ಸಕ್ಕರೆಯಾಗುತ್ತದೆ. ಸ್ಟ್ರಾಬೆರಿಗೆ ಆ ಅವಕಾಶವಿಲ್ಲ. ತೊಟ್ಟಿನಿಂದ ಬಿಡಿಸಿದ ಮೇಲೆ ಅದರ ಬಣ್ಣ ಗಾಢವಾಗಬಹುದು, ಮೈ ಮೆತ್ತಗಾಗಬಹುದು, ಸಿಹಿ ಮಾತ್ರ ಹೆಚ್ಚುವುದಿಲ್ಲ. ಕಂಪಿನ ಕಥೆ ಇನ್ನೂ ಸೂಕ್ಷ್ಮ. ಸುಟ್ಟ ಸಕ್ಕರೆಯ ಪರಿಮಳವನ್ನು ಕೊಡುವ ಫ್ಯುರನಿಯಾಲ್, ಹಣ್ಣಿನ ತಾಜಾ ಘಮವನ್ನು ಕೊಡುವ ಎಸ್ಟರುಗಳು, ಹೂವಿನ ಕಂಪಿನ ಲಿನಲೂಲ್, ಕೆಲವು ತಳಿಗಳಲ್ಲಿ ಪೀಚ್ ಹಣ್ಣನ್ನು ನೆನಪಿಸುವ ಗಾಮಾ ಡೆಕಾಲ್ಯಾಕ್ಟೋನ್, ಇವೆಲ್ಲ ಮಾಗುವಿಕೆಯ ಕೊನೆಯ ಹಂತದಲ್ಲಿ ಹೆಚ್ಚಾಗಿ ಕೂಡಿಕೊಳ್ಳುತ್ತವೆ. ಆಲ್ಪೈನ್ ಸೇರಿದ ಕಾಡುಸ್ಟ್ರಾಬೆರಿಯ ವಿಶೇಷ ಗುಣಕ್ಕೆ ಮುಖ್ಯ ಕಾರಣಗಳಲ್ಲೊಂದು ಮೀಥೈಲ್ ಆಂಥ್ರನಿಲೇಟ್. ಕಾನ್ಕಾರ್ಡ್ ದ್ರಾಕ್ಷಿಗೆ ಅದರ ಗುರುತಿನ ಕಂಪನ್ನು ಕೊಡುವುದೂ ಇದೇ ವಸ್ತು. ಇಂದು ಬೆಳೆಯುವ ಬಹುತೇಕ ವಾಣಿಜ್ಯ ತಳಿಗಳಲ್ಲಿ ಇದು ಇಲ್ಲ, ಅಥವಾ ತೀರ ಅಲ್ಪ. ದೂರ ಸಾಗಿಸಲು ತಾಳುವ ಗಟ್ಟಿತನ, ಇಳುವರಿ ಮತ್ತು ಗಾತ್ರಗಳಿಗಾಗಿ ಆಯ್ಕೆ ನಡೆಯುತ್ತ ಹೋದಾಗ ಕಂಪು ಹಿಂದೆ ಉಳಿಯಿತು. ಮನೆಯ ತೋಟದವರಿಗೆ ಸಾಗಾಟದ ಚಿಂತೆಯಿಲ್ಲದಿರುವುದರಿಂದ ಬಿಟ್ಟುಹೋದ ಆ ಕಂಪನ್ನೇ ಹುಡುಕಿ ಬೆಳೆಯುವುದು ನನ್ನ ದೃಷ್ಟಿಯಲ್ಲಿ ಅತ್ಯಂತ ಸಾರ್ಥಕ ಕೆಲಸ.

ಪ್ರತಿಯೊಂದು ಜಾತಿಯೂ ತಾನು ಮಾಗಿರುವುದನ್ನು ತನ್ನದೇ ರೀತಿಯಲ್ಲಿ ತಿಳಿಸುತ್ತದೆ. ‘ಯೆಲ್ಲೋ ವಂಡರ್’ ಮೊದಲು ಹಸಿರು ಛಾಯೆಯ ಬಿಳಿಯಾಗಿದ್ದು ಅನಂತರ ಬೆಣ್ಣೆಯ ಬಣ್ಣಕ್ಕೆ ತಿರುಗುತ್ತದೆ, ಬೀಜಗಳು ಕಂದುತ್ತವೆ, ಬೆರಳು ತಾಗಿಸಿದರೆ ಹಣ್ಣು ಹಸಿರು ಎಸಳನ್ನು ಗಿಡದಲ್ಲೇ ಬಿಟ್ಟು ಕಳಚಿ ಬರುತ್ತದೆ. ಎಳೆಯಬೇಕಾಗಿ ಬಂದರೆ ಅದಿನ್ನೂ ದೋರೆಗಾಯಿ ಎಂದೇ ತಿಳಿಯಬೇಕು. ಈ ಬಿಳಿ ಹಣ್ಣುಗಳಿಗೆ ಹಕ್ಕಿಗಳ ಕಾಟ ಕಡಿಮೆಯೆಂಬುದು ಬೆಳೆಗಾರರಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು. ಹಾಗಾಗಿ ಕಾಯುವುದು ಸುಲಭ. ಪೈನ್‌ಬೆರಿಯಲ್ಲಿ ಗಮನಿಸಬೇಕಾದದ್ದು ಬೀಜಗಳನ್ನು. ಹಸಿರಾಗಿದ್ದ ಬೀಜಗಳು ಪೂರ್ತಿ ಕೆಂಪಾಗಿ, ಬಿಸಿಲು ಬೀಳುವ ಮಗ್ಗುಲಿನಲ್ಲಿ ತಿಳಿ ಗುಲಾಬಿ ಛಾಯೆ ಮೂಡಿ, ಮೈ ಸ್ವಲ್ಪ ಬಿಟ್ಟುಕೊಡುವಂತಾದಾಗ ಅದು ತಿನ್ನಲು ಸಿದ್ಧ. ಮಸ್ಕ್ ಸ್ಟ್ರಾಬೆರಿಗೆ ಮೂಗೇ ಸಾಕು: ಕಳಿತ ಹಣ್ಣಿನ ಬಣ್ಣ ಮಂಕಾದ ನೇರಳೆಗೆಂಪು, ನೆರಳಿನ ಬದಿ ಮಾಸಲು ಬಿಳಿ, ನೋಟಕ್ಕೆ ಅಷ್ಟೇನೂ ಆಕರ್ಷಕವಲ್ಲದ ಆ ಪುಟ್ಟ ಹಣ್ಣಿನ ಪರಿಮಳ ಮಡಿಯ ಬಳಿ ನಿಂತಾಗಲೇ ತಿಳಿಯುತ್ತದೆ. ಇಟಲಿಯ ತೊರ್ತೋನ ಊರಿನ ‘ಪ್ರೊಫುಮಾಟ ದಿ ತೊರ್ತೋನ’ ಈ ಜಾತಿಯ ಪ್ರಸಿದ್ಧ ತಳಿ. ಕಿತ್ತ ಮೇಲೆ ಒಂದು ದಿನವೂ ಚೆನ್ನಾಗಿ ಉಳಿಯದ ಇದರ ಹಣ್ಣನ್ನು ಸವಿಯಬೇಕಾದರೆ ಬೆಳೆಯುವುದೇ ಸರಿಯಾದ ದಾರಿ.

ಇನ್ನು ಹೂವಿದ್ದೂ ಹಣ್ಣಿಲ್ಲದ ಗಿಡಗಳು. ಮಸ್ಕ್ ಸ್ಟ್ರಾಬೆರಿಯಲ್ಲಿ ಸಹಜವಾಗಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಹೂವನ್ನು ಹತ್ತಿರದಿಂದ ನೋಡಿ: ನಡುವಿನ ಹಸಿರು ಗುಬುಟಿನ ಸುತ್ತ ಹಳದಿ ಪರಾಗಕೋಶಗಳು ತುಂಬಿಕೊಂಡಿದ್ದು ಗುಬುಟು ಸಣ್ಣದಾಗಿದ್ದರೆ ಅದು ಗಂಡು, ಪರಾಗಕೋಶಗಳು ಇಲ್ಲದೆ ಅಥವಾ ಮುರುಟಿಕೊಂಡಿದ್ದು ಗುಬುಟು ದಪ್ಪನಾಗಿದ್ದರೆ ಹೆಣ್ಣು. ಒಂದೇ ಗಿಡದಿಂದ ಹಬ್ಬಿದ ಬಳ್ಳಿಯ ಮರಿಗಳೆಲ್ಲ ಒಂದೇ ಲಿಂಗದವಾಗಿರುವುದರಿಂದ ಮಡಿ ತುಂಬ ಗಿಡಗಳಿದ್ದರೂ ಒಂದು ಹಣ್ಣೂ ಸಿಗದೆ ಹೋಗಬಹುದು. ಕೆಲವು ಹೆಣ್ಣು ಗಿಡಗಳಿಗೆ ಒಂದು ಗಂಡು ಗಿಡ ಸಾಕು. ಗಂಡು ಗಿಡ ಬಳ್ಳಿ ಹರಡಿ ಹೆಣ್ಣು ಗಿಡಗಳ ಜಾಗವನ್ನು ಆಕ್ರಮಿಸದಂತೆ ಅದನ್ನು ಪ್ರತ್ಯೇಕ ಕುಂಡದಲ್ಲಿ ಇಡುವುದು ಜಾಣತನ. ಎರಡೂ ಅಂಗಗಳಿರುವ ಆಯ್ದ ತಳಿಗಳೂ ಇವೆ. ದೊಡ್ಡ ಸ್ಟ್ರಾಬೆರಿಗಳಲ್ಲೂ ಹೀಗೆ ಜೊತೆಗೆ ಬೇರೆ ಗಿಡ ಬೇಕಾದ ತಳಿಗೆ ಒಂದು ಉದಾಹರಣೆ ಜರ್ಮನಿಯ ‘ಮೀಟ್ಸೆ ಶಿಂಡ್ಲರ್’. 1925ರ ಸುಮಾರಿಗೆ ಓಟೊ ಶಿಂಡ್ಲರ್ ರೂಪಿಸಿ ತನ್ನ ಹೆಂಡತಿಯ ಹೆಸರಿಟ್ಟ ಈ ತಳಿ ಕಾಡುಸ್ಟ್ರಾಬೆರಿಯ ಕಂಪಿಗೆ ಹೆಸರಾಗಿದೆ, ಆದರೆ ಹೂವು ಹೆಣ್ಣು ಮಾತ್ರ. ಅದೇ ಸಮಯದಲ್ಲಿ ಹೂ ಬಿಡುವ ‘ಸೆಂಗಾ ಸೆಂಗಾನ’ದಂಥ ತಳಿಯನ್ನು ಪಕ್ಕದಲ್ಲಿ ನೆಡಲೇಬೇಕು.

ಹಣ್ಣು ಕಟ್ಟಿದರೂ ಸೊಟ್ಟಗಾಗಿ, ಒಂದು ಬದಿ ಗಟ್ಟಿಯಾಗಿ ಉಳಿದರೆ ಅದೂ ಪರಾಗಸ್ಪರ್ಶದ ಕೊರತೆಯ ಸೂಚನೆ. ನಾವು ಬೀಜವೆನ್ನುವ ಮೇಲ್ಮೈಯ ಕಾಳುಗಳೇ ಸ್ಟ್ರಾಬೆರಿಯ ನಿಜವಾದ ಫಲಗಳು. ನಾವು ತಿನ್ನುವುದು ಉಬ್ಬಿದ ಪುಷ್ಪಪೀಠವನ್ನು. ಆ ಕಾಳುಗಳನ್ನು ತೆಗೆದುಹಾಕಿದರೆ ಪೀಠ ಉಬ್ಬುವುದು ನಿಲ್ಲುತ್ತದೆಂದೂ ಅವುಗಳಿಂದ ಬರುವ ಆಕ್ಸಿನ್ ಎಂಬ ಹಾರ್ಮೋನೇ ಬೆಳವಣಿಗೆಗೆ ಕಾರಣವೆಂದೂ ಸಸ್ಯವಿಜ್ಞಾನಿ ಜೆ. ಪಿ. ನಿಚ್ 1950ರಲ್ಲಿ ತೋರಿಸಿಕೊಟ್ಟರು. ಎಲ್ಲಿ ಪರಾಗ ಸೋಕಿಲ್ಲವೋ ಅಲ್ಲಿ ಮಾಂಸಲ ಭಾಗ ತುಂಬಿಕೊಳ್ಳುವುದಿಲ್ಲ. ಜೇನು ಬಾರದ ಬಾಲ್ಕನಿಗಳಲ್ಲಿ ಮೆತ್ತನೆಯ ಕುಂಚದಿಂದ ಅರಳಿದ ಹೂಗಳನ್ನೆಲ್ಲ ಸವರಿದರೆ ಪ್ರಯೋಜನವಾಗುತ್ತದೆ.

ಆರೈಕೆಯಲ್ಲಿ ರುಚಿಯನ್ನು ಕೆಡಿಸುವುದು ಹೆಚ್ಚಾಗಿ ಅತಿ ಉಪಚಾರ. ಸಾರಜನಕ ಹೆಚ್ಚಿರುವ ಗೊಬ್ಬರದಿಂದ ಎಲೆ ಸೊಂಪಾಗುತ್ತದೆ, ಹಣ್ಣು ಮೆತ್ತಗೆ ನೀರುನೀರಾಗುತ್ತದೆ. ನೆಡುವಾಗ ಚೆನ್ನಾಗಿ ಕಳಿತ ಕಾಂಪೋಸ್ಟ್ ಬೆರೆಸಿ, ಹೂ ಬಿಡುವ ಕಾಲದಲ್ಲಿ ಪೊಟ್ಯಾಷ್ ಅಂಶವಿರುವ ಗೊಬ್ಬರವನ್ನು ತೆಳುವಾಗಿ ಕೊಟ್ಟರೆ ಸಾಕು. ಮಣ್ಣಿನ ರಸಸಾರ 5.5ರಿಂದ 6.5ರೊಳಗಿರಲಿ, ನೀರು ನಿಲ್ಲದಿರಲಿ, ಗಿಡದ ಬುಡದ ಸುಳಿ ಮಣ್ಣಿನ ಮಟ್ಟಕ್ಕೆ ಸರಿಯಾಗಿರಲಿ. ಸುಳಿ ಹೂತರೆ ಕೊಳೆಯುತ್ತದೆ. ಹಣ್ಣು ಬಣ್ಣ ತಿರುಗಲು ತೊಡಗಿದ ಮೇಲೆ ಗಿಡ ಬಾಡದಷ್ಟು ಮಾತ್ರ ನೀರುಣಿಸಿ. ದೊಡ್ಡ ಹಣ್ಣಿನ ತಳಿಗಳಿಗೆ ದಿನಕ್ಕೆ ಆರರಿಂದ ಎಂಟು ಗಂಟೆಯ ಬಿಸಿಲು ಬೇಕು. ಆಲ್ಪೈನ್ ಮತ್ತು ಮಸ್ಕ್ ಜಾತಿಗಳು ಕಾಡಿನಂಚಿನ ಗಿಡಗಳಾದ್ದರಿಂದ ಅರೆನೆರಳನ್ನು ಸಹಿಸುತ್ತವೆ, ಬಿಸಿಲು ತೀಕ್ಷ್ಣವಾಗಿರುವ ಕಡೆ ಅದನ್ನೇ ಬಯಸುತ್ತವೆ. ಟೊಮೆಟೊ, ಆಲೂಗಡ್ಡೆ, ಬದನೆ ಬೆಳೆದ ಮಡಿಯಲ್ಲಿ ಸೊರಗು ರೋಗದ ಶಿಲೀಂಧ್ರ ಉಳಿದಿರಬಹುದಾದ್ದರಿಂದ ಬೇರೆ ಜಾಗ ಆರಿಸಿಕೊಳ್ಳಿ.

ಹೊಸದಾಗಿ ಆರಂಭಿಸುವವರಿಗೆ ನನ್ನ ಸಲಹೆ ಆಲ್ಪೈನ್. ಅದು ಸಾಮಾನ್ಯವಾಗಿ ಬಳ್ಳಿ ಹರಡುವುದಿಲ್ಲ, ಕುಂಡದಲ್ಲಿ ನೆಮ್ಮದಿಯಾಗಿರುತ್ತದೆ, ಹವೆ ಒಪ್ಪಿದರೆ ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವಾಗಿ ಹಣ್ಣು ಕೊಡುತ್ತದೆ, ಮತ್ತು ಬೀಜದಿಂದಲೇ ಹೆಚ್ಚುಕಡಿಮೆ ತಾಯಿಯಂತೆಯೇ ಬರುತ್ತದೆ. ಬೀಜವನ್ನು ಒದ್ದೆ ಕಾಗದದಲ್ಲಿ ಸುತ್ತಿ ಮೂರು ನಾಲ್ಕು ವಾರ ಫ್ರಿಜ್‌ನಲ್ಲಿಟ್ಟು, ಅನಂತರ ಮಣ್ಣಿನ ಮೇಲೆ ಉದುರಿಸಿ ಮುಚ್ಚದೆ ಬಿಡಬೇಕು, ಏಕೆಂದರೆ ಮೊಳೆಯಲು ಅದಕ್ಕೆ ಬೆಳಕು ಸಹಾಯಕ. ಮೊಳಕೆ ಬರಲು ಎರಡರಿಂದ ನಾಲ್ಕು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಹಿಡಿಯುತ್ತದೆ. ಹಣ್ಣು ಉಗುರಿನಷ್ಟೇ ದೊಡ್ಡದಾದ್ದರಿಂದ ಹತ್ತು ಹನ್ನೆರಡು ಗಿಡಗಳಾದರೂ ಇರಲಿ. ಕಾಡಿನ ಕಂಪೂ ಬೇಕು, ಗಾತ್ರವೂ ಬೇಕು ಎನ್ನುವವರಿಗೆ ಫ್ರಾನ್ಸಿನಲ್ಲಿ ಜಾಕ್ ಮರಿಯೊನೆ ರೂಪಿಸಿ 1991ರಲ್ಲಿ ಹೊರಬಂದ ‘ಮಾರಾ ದೆ ಬ್ವಾ’ ಒಳ್ಳೆಯ ನಡುದಾರಿ.

ದೊಡ್ಡ ಹಣ್ಣಿನ ತಳಿಗಳ ಬೀಜವನ್ನು ಮಾತ್ರ ನಂಬಬೇಡಿ. ಮಿಶ್ರತಳಿಗಳಾದ ಅವು ಬೀಜದಿಂದ ತಾಯಿಯಂತೆ ಬರುವುದಿಲ್ಲ. ಬೀಜದಿಂದಲೇ ಬೆಳೆಯಲೆಂದು ರೂಪಿಸಿದ ಕೆಲವು ತಳಿಗಳನ್ನು ಬಿಟ್ಟರೆ ಬಳ್ಳಿಯ ಮರಿಗಳೇ ದಾರಿ. ನೀಲಿ ಸ್ಟ್ರಾಬೆರಿಯ ಬೀಜವೆಂದು ಮಾರುವುದು ಶುದ್ಧ ಮೋಸ, ಅಂಥ ಸ್ಟ್ರಾಬೆರಿಯೇ ಇಲ್ಲ. ನಿಮ್ಮ ಗಿಡದ ಹೂವು ಹಳದಿಯಾಗಿದ್ದು ಕೆಂಪು ಹಣ್ಣು ಆಕಾಶಕ್ಕೆ ಮುಖ ಮಾಡಿ ನಿಂತಿದ್ದರೆ ಅದು ಹುಸಿ ಸ್ಟ್ರಾಬೆರಿ. ಎಷ್ಟು ಕಾದರೂ ಅದಕ್ಕೆ ರುಚಿ ಬಾರದು. ನಿಜವಾದ ಸ್ಟ್ರಾಬೆರಿಯ ಹೂವು ಬಿಳಿ, ಕೆಲವು ಅಲಂಕಾರಿಕ ತಳಿಗಳಲ್ಲಿ ಗುಲಾಬಿ.

ರುಚಿ ನೋಡುವ ದಿನ ಹಿಂದಿನ ದಿನ ಮಳೆ ಬಂದಿರಬಾರದು, ನೀರೂ ಹಾಕಿರಬಾರದು. ಬಿಸಿಲಿಗೆ ಸ್ವಲ್ಪ ಬೆಚ್ಚಗಾದ ಹಣ್ಣನ್ನು ಕಿತ್ತ ಕೂಡಲೇ ಸವಿಯಿರಿ. ಫ್ರಿಜ್‌ನ ತಂಪಿನಲ್ಲಿ ಕಂಪು ಮೂಗಿಗೆ ತಲುಪುವುದು ಕಡಿಮೆ. ಮೊದಲು ಮೂಸಿ, ಅನಂತರ ಅಗಿಯುತ್ತ ಮೂಗಿನಿಂದ ಉಸಿರು ಬಿಡಿ. ದೊಡ್ಡ ಹಣ್ಣಾದರೆ ತುದಿಯ ಭಾಗ ತೊಟ್ಟಿನ ಭಾಗಕ್ಕಿಂತ ಸಿಹಿ, ಆದ್ದರಿಂದ ಹೋಲಿಸುವಾಗ ಎಲ್ಲ ತಳಿಗಳಲ್ಲೂ ಒಂದೇ ಭಾಗವನ್ನು ತಿನ್ನಬೇಕು. ಹುಳಿ ಕಡಿಮೆಯಿರುವ ಪೈನ್‌ಬೆರಿಯಿಂದ ಆರಂಭಿಸಿ ಆಲ್ಪೈನ್‌ಗೆ ಹೋಗಿ ಮಸ್ಕ್ ಅನ್ನು ಕೊನೆಗೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಅದರ ತೀವ್ರತೆಯ ಮುಂದೆ ಉಳಿದವು ಪೇಲವವೆನಿಸುತ್ತವೆ. ಒಂದು ಹಣ್ಣಿನಿಂದ ತೀರ್ಮಾನಕ್ಕೆ ಬರದೆ, ಒಂದೇ ಗಿಡದಿಂದ ಇಂದು ಒಂದನ್ನು, ನಾಳೆ ಒಂದನ್ನು, ನಾಡಿದ್ದು ಒಂದನ್ನು ಕಿತ್ತು ತಿಂದು ನೋಡಿ. ಮೂರನೆಯ ದಿನದ ಹಣ್ಣೂ ಸಪ್ಪೆಯೆನಿಸಿದರೆ ಆಗ ಗೊಬ್ಬರ, ನೀರು ಮತ್ತು ಬಿಸಿಲುಗಳನ್ನು ಸರಿಪಡಿಸಿ. ಮುಂದಿನ ಫಸಲಿನಲ್ಲೂ ಹಾಗೆಯೇ ಇದ್ದರೆ ನಿಮಗೆ ಸಿಕ್ಕಿರುವುದು ಹೆಸರಿಗೆ ತಕ್ಕ ತಳಿಯಲ್ಲವೆಂದು ಧಾರಾಳವಾಗಿ ಹೇಳಬಹುದು.