ಬಿಲ್ ಇವಾನ್ಸ್‌ನ ಎಡಗೈ ಬಿಟ್ಟುಕೊಟ್ಟ ಸ್ವರ

ನನ್ನಲ್ಲಿ ಪಿಯಾನೊ ಕಲಿಯಲು ಬರುವವರಲ್ಲಿ ಹಲವರು ಮೊದಲು ನಾಲ್ಕೈದು ವರ್ಷ ಕರ್ನಾಟಕ ಸಂಗೀತ ಹೇಳಿಸಿಕೊಂಡವರು. ಅವರಿಗೆ ಬಿಲ್ ಇವಾನ್ಸ್‌ನ ಎಡಗೈ ಪಾಠ ಮಾಡುವ ದಿನ ಒಂದು ತಕರಾರು ಏಳದೆ ಇರುವುದಿಲ್ಲ: ‘ಸರ್, ಇದರಲ್ಲಿ ಷಡ್ಜವೇ ಇಲ್ಲವಲ್ಲ?’ ಆ ಪ್ರಶ್ನೆ ಕೇಳಿದರೆ ನನಗೆ ನಿಜಕ್ಕೂ ಸಂತೋಷವಾಗುತ್ತದೆ. ಈ ಅಮೆರಿಕನ್ ಜಾಝ್ ಪಿಯಾನೊ ವಾದಕನನ್ನು ಅರ್ಥ ಮಾಡಿಕೊಳ್ಳಬೇಕಾದರೆ ಅಲ್ಲಿಂದಲೇ ಶುರು ಮಾಡಬೇಕು.

ಒಂದು ಮನೆ ಶ್ರುತಿಯನ್ನು (ಪಿಯಾನೊದ C) ಷಡ್ಜವೆಂದು, ಅಂದರೆ ಆಧಾರ ಸ್ವರ ‘ಸ’ ಎಂದು, ಇಟ್ಟುಕೊಳ್ಳೋಣ. ಆಗ ಬಿಳಿ ಮನೆಗಳಷ್ಟೇ ಸಾಕು, ಶಂಕರಾಭರಣ ರಾಗ ಸಿಕ್ಕಿತು. ಜಾಝ್‌ನಲ್ಲಿ ಹೆಜ್ಜೆ ಹೆಜ್ಜೆಗೂ ಎದುರಾಗುವ ಮೂರು ಕಾರ್ಡ್‌ಗಳ ಸಾಲೊಂದಿದೆ; ಕಾರ್ಡ್ ಎಂದರೆ ಹಲವು ಸ್ವರಗಳನ್ನು ಒಟ್ಟಿಗೆ ಒತ್ತುವುದು. ಮೊದಲನೆಯದು ರಿಷಭದ ಮೇಲೆ ನಿಂತದ್ದು, ಎರಡನೆಯದು ಪಂಚಮದ ಮೇಲೆ, ಮೂರನೆಯದು ಷಡ್ಜದ ಮೇಲೆ. ಪುಸ್ತಕದ ಪ್ರಕಾರ ಹಿಡಿದರೆ ರಿ-ಮ-ದ-ಸ, ಪ-ನಿ-ರಿ-ಮ, ಸ-ಗ-ಪ-ನಿ. ಕೈ ಪ್ರತಿ ಸಲವೂ ಜಾಗ ಬಿಟ್ಟು ಹಾರಬೇಕು. ಇವಾನ್ಸ್‌ನ ಎಡಗೈ ಹಿಡಿಯುವ ಕ್ರಮ ಬೇರೆ: ಮ-ದ-ಸ-ಗ, ಮ-ದ-ನಿ-ಗ, ಗ-ಪ-ನಿ-ರಿ. ಮೊದಲನೆಯದರಿಂದ ಎರಡನೆಯದಕ್ಕೆ ಹೋಗುವಾಗ ಸ ಒಂದೇ ನಿಷಾದಕ್ಕೆ ಇಳಿಯುತ್ತದೆ, ಉಳಿದ ಬೆರಳುಗಳು ಇದ್ದಲ್ಲೇ ಇರುತ್ತವೆ. ಮೂರನೆಯದಕ್ಕೆ ಹೋಗುವಾಗ ನಿಷಾದ ನಿಂತಿರುತ್ತದೆ, ಮಿಕ್ಕ ಮೂರೂ ಒಂದೊಂದು ಸ್ವರ ಕೆಳಗೆ ಸರಿಯುತ್ತವೆ. ಕೈ ಜಾಗ ಬಿಟ್ಟು ಕದಲುವುದೇ ಇಲ್ಲ, ರಾಗದ ಬಣ್ಣ ಮಾತ್ರ ಮೂರು ಸಲ ಬದಲಾಗುತ್ತದೆ. ಮನೆಗೆ ಬಂದು ಸೇರಿದ ಆ ಕೊನೆಯ ಕಾರ್ಡ್‌ನಲ್ಲಿ ಷಡ್ಜವಿಲ್ಲ.

ಈ ಜೋಡಣೆ ಅವನೊಬ್ಬನದೇ ಶೋಧವೆಂದು ಹೇಳಲಾರೆ. ಪಿಯಾನೊ ವಾದಕರಾದ ಅಹ್ಮದ್ ಜಮಾಲ್, ರೆಡ್ ಗಾರ್ಲೆಂಡ್ ಅವರ ಕೈಯಲ್ಲೂ ಇದು ಆಗಲೇ ಇತ್ತು. ಆದರೆ ಕಾರ್ಡ್ ಯಾವ ಸ್ವರದ ಮೇಲೆ ನಿಂತಿದೆಯೋ ಆ ಮೂಲಸ್ವರವನ್ನೇ ಬಿಟ್ಟಮೇಲೆ ಆ ಖಾಲಿ ಜಾಗವನ್ನು ಏನು ಮಾಡಬೇಕು ಎಂದು ಅವನಷ್ಟು ದೂರ ಯೋಚಿಸಿದವರು ಕಡಿಮೆ.

ಇವಾನ್ಸ್ ಹುಟ್ಟಿದ್ದು 1929ರಲ್ಲಿ, ನ್ಯೂಜೆರ್ಸಿಯ ಪ್ಲೇನ್‌ಫೀಲ್ಡ್‌ನಲ್ಲಿ. ಲೂಯಿಸಿಯಾನಾದ ಕಾಲೇಜಿಗೆ ಅವನು ಸೇರಿದ್ದು ಕೊಳಲಿಗೆ ಸಿಕ್ಕ ವಿದ್ಯಾರ್ಥಿವೇತನದ ಮೇಲೆ. ಆಮೇಲೆ ಮೂರು ವರ್ಷ ಸೈನ್ಯದಲ್ಲಿದ್ದು ನ್ಯೂಯಾರ್ಕಿಗೆ ಬಂದ. 1956ರಲ್ಲಿ ಧ್ವನಿಮುದ್ರಿಸಿದ ಮೊದಲ ಆಲ್ಬಂ ಮೊದಲ ವರ್ಷದಲ್ಲಿ ಮಾರಾಟವಾದದ್ದು ಸುಮಾರು 800 ಪ್ರತಿ. 1958ರಲ್ಲಿ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವನನ್ನು ತನ್ನ ತಂಡಕ್ಕೆ ಕರೆದುಕೊಂಡ. ಕಪ್ಪು ಕಲಾವಿದರ ನಡುವೆ ಇದ್ದ ಒಬ್ಬನೇ ಬಿಳಿಯನನ್ನು ಎಲ್ಲ ಶ್ರೋತೃಗಳೂ ಸಹಿಸಲಿಲ್ಲ. ತಿರುಗಾಟದ ದಣಿವೂ ಸೇರಿ ಕೆಲವೇ ತಿಂಗಳಲ್ಲಿ ತಂಡ ಬಿಟ್ಟ. ಆದರೂ 1959ರ ಮಾರ್ಚ್ 2 ಮತ್ತು ಏಪ್ರಿಲ್ 22ರಂದು ‘ಕೈಂಡ್ ಆಫ್ ಬ್ಲೂ’ ಆಲ್ಬಂ ಧ್ವನಿಮುದ್ರಿಸುವಾಗ ಡೇವಿಸ್‌ಗೆ ಬೇಕಾದದ್ದು ಇವನ ಕೈಯೇ. ಅದರ ಮೊದಲ ಕೃತಿ ‘ಸೋ ವಾಟ್’ ನಮ್ಮ ಕಿವಿಗೆ ಪರಿಚಿತ ನೆಲ: ಖರಹರಪ್ರಿಯ ರಾಗದ ಸ್ವರಗಳಲ್ಲಿ 16 ಬಾರ್‌ಗಳು (ಒಂದೊಂದು ಬಾರ್ ನಾಲ್ಕು ಎಣಿಕೆಯ ಅಳತೆ), ಅದೇ ಸ್ವರಗಳು ಅರ್ಧ ಸ್ವರ ಮೇಲಕ್ಕೆ ಸರಿದ ಶ್ರುತಿಯಲ್ಲಿ 8, ಮತ್ತೆ ಕೆಳಗಿಳಿದು 8. ಕಾರ್ಡ್‌ಗಳ ನೂಕುನುಗ್ಗಲಿಲ್ಲ. ವಾದಕನಿಗೆ ಒಂದೇ ಸ್ವರಾವಳಿಯಲ್ಲಿ ಕುಳಿತು ಯೋಚಿಸುವ ಬಿಡುವಿದೆ.

ಇದಕ್ಕೆ ಕೆಲವೇ ತಿಂಗಳ ಹಿಂದೆ, 1958ರ ಡಿಸೆಂಬರಿನಲ್ಲಿ, ಅವನು ‘ಪೀಸ್ ಪೀಸ್’ ನುಡಿಸಿದ್ದ. ಆರು ನಿಮಿಷಕ್ಕೂ ಹೆಚ್ಚು ಕಾಲ ಎಡಗೈ ಎರಡೇ ಕಾರ್ಡ್‌ಗಳನ್ನು ತೂಗುತ್ತಾ ಇರುತ್ತದೆ. ಅದರ ಮೇಲೆ ಬಲಗೈ ಮೊದಲು ಹಾಡಿನಂತೆ, ಆಮೇಲೆ ಹಕ್ಕಿಗಳ ಕಲರವದಂತೆ, ಕೊನೆಕೊನೆಗೆ ಕೆಳಗಿನ ಶ್ರುತಿಗೆ ಹೊಂದದ ಸ್ವರಗಳತ್ತ ಅಲೆದು ಮತ್ತೆ ಹಿಂದಿರುಗುತ್ತದೆ. ನನ್ನ ವಿದ್ಯಾರ್ಥಿಗಳು ಇದನ್ನು ಕೇಳಿ, ‘ಸರ್, ಇಲ್ಲಿ ಷಡ್ಜ ಇದೆ’ ಎನ್ನುತ್ತಾರೆ. ಹೌದು, ಮಂದ್ರದಲ್ಲಿ ಗಟ್ಟಿಯಾಗಿಯೇ ಇದೆ. ಏಕೆಂದರೆ ಇಲ್ಲಿ ಅವನು ಒಬ್ಬನೇ. ತಂಬೂರಿಯ ಕೆಲಸವನ್ನೂ ಅವನೇ ಮಾಡಬೇಕು. ಪಕ್ಕದಲ್ಲಿ ಬಾಸ್ ಎಂಬ ತಗ್ಗು ದನಿಯ ದೊಡ್ಡ ತಂತಿವಾದ್ಯ ನುಡಿಸುವವನು ಬಂದಾಗ ಮಾತ್ರ ಆ ಸ್ವರವನ್ನು ಅವನಿಗೆ ಬಿಟ್ಟುಕೊಡುತ್ತಾನೆ.

ಹಾಗೆ ಬಿಟ್ಟುಕೊಟ್ಟದ್ದನ್ನು ಪಡೆದುಕೊಂಡವನು ಬಾಸ್ ವಾದಕ ಸ್ಕಾಟ್ ಲಾಫಾರೊ. 1959ರಲ್ಲಿ ಅವನೂ ಡ್ರಮ್ಸ್ ವಾದಕ ಪಾಲ್ ಮೋಷನ್ನನೂ ಇವಾನ್ಸ್ ಜೊತೆ ಸೇರಿ ತ್ರಯ ಕಟ್ಟಿದರು. ಆವರೆಗೆ ಪಿಯಾನೊ ತ್ರಯವೆಂದರೆ ಪಿಯಾನೊ ಹಾಡಬೇಕು, ಬಾಸ್ ಬಾರಿಗೆ ನಾಲ್ಕು ಹೆಜ್ಜೆಯಂತೆ ನಡೆಯಬೇಕು, ಡ್ರಮ್ಸ್ ಕಾಲ ಕಾಯಬೇಕು. ಲಾಫಾರೊ ನಡೆಯುವುದನ್ನು ನಿಲ್ಲಿಸಿ ಮಾತಾಡಲು ತೊಡಗಿದ. ಪಿಯಾನೊ ಒಂದು ಸಾಲು ಹೇಳಿದರೆ ಅದರ ನಡುವೆಯೇ ಮಾತು ಸೇರಿಸುತ್ತಾನೆ, ಕೆಲವೊಮ್ಮೆ ಮೂಲಸ್ವರವನ್ನು ಅವನೂ ಮುಟ್ಟುವುದಿಲ್ಲ. ಆಗ ಷಡ್ಜ ಕೇಳುಗನ ಮನಸ್ಸಿನಲ್ಲಿ ಮಾತ್ರ ಮಿಡಿಯುತ್ತಿರುತ್ತದೆ. ತನಿ ಆವರ್ತನದಲ್ಲಿ ಮೃದಂಗ ತಾಳದ ಮೊದಲ ಪೆಟ್ಟನ್ನು ಬಾರಿಸದೆ ದಾಟಿದರೂ ಸಭೆಯ ಕೈಗಳು ಅದನ್ನು ಹಾಕುತ್ತಲೇ ಇರುತ್ತವಲ್ಲ, ಹಾಗೆ.

1961ರ ಜೂನ್ 25, ಭಾನುವಾರ. ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಎಂಬ ನೆಲಮಾಳಿಗೆಯ ಕ್ಲಬ್ಬಿನಲ್ಲಿ ಮಧ್ಯಾಹ್ನದಿಂದ ರಾತ್ರಿಯವರೆಗೆ ಐದು ಸುತ್ತು ನುಡಿಸಿದರು, ಎಲ್ಲವೂ ಧ್ವನಿಮುದ್ರಣವಾಯಿತು. ಗ್ಲಾಸುಗಳ ಸದ್ದು, ಜನರ ಮಾತು ಎಲ್ಲವೂ ಕೇಳಿಸುತ್ತದೆ. ಮೂವರೂ ಅವುಗಳ ನಡುವೆ ಎಷ್ಟು ಮೆಲ್ಲಗೆ ನುಡಿಸುತ್ತಾರೆ ಎಂಬುದನ್ನು ಗಮನಿಸಿ. ಜುಲೈ 6ರಂದು ಲಾಫಾರೊ ಕಾರು ಅಪಘಾತದಲ್ಲಿ ತೀರಿಕೊಂಡ. ವಯಸ್ಸು 25. ಇವಾನ್ಸ್ ತಿಂಗಳುಗಟ್ಟಲೆ ಸಾರ್ವಜನಿಕವಾಗಿ ನುಡಿಸಲಿಲ್ಲ. ಆ ಭಾನುವಾರದ ಮೊದಲ ಆಲ್ಬಮ್ಮಿಗೆ ಲಾಫಾರೊನ ಬಾಸ್ ಎದ್ದು ಕಾಣುವ ಭಾಗಗಳನ್ನೇ ಆರಿಸಿದರು.

ಇವಾನ್ಸ್ ಹಿಡಿದಿದ್ದ ಹೆರಾಯಿನ್ ಚಟದ ಬಗ್ಗೆ ವಿದ್ಯಾರ್ಥಿಗಳು ಕೇಳುತ್ತಾರೆ, ಕೆಲವರ ದನಿಯಲ್ಲಿ ಬೆರಗೂ ಇರುತ್ತದೆ. ಆ ಬೆರಗು ನನಗೆ ಸಹ್ಯವಲ್ಲ. ಚುಚ್ಚಿದ ಸೂಜಿಯಿಂದ ಬಲಗೈಯ ನರಕ್ಕೆ ಪೆಟ್ಟಾಗಿ ಒಮ್ಮೆ ಎಡಗೈಯಿಂದಲೇ ಕಚೇರಿ ನಡೆಸಬೇಕಾಯಿತು. 1980ರ ಸೆಪ್ಟೆಂಬರ್ 15ರಂದು, 51ನೆಯ ವಯಸ್ಸಿನಲ್ಲಿ ಹೋದ. ಆ ಕೈಗಳಿಗೆ ಇನ್ನೂ ಇಪ್ಪತ್ತು ವರ್ಷ ಸಿಗಬಹುದಿತ್ತು. ಚಟ ಅವನಿಗೆ ಸಂಗೀತವನ್ನು ಕೊಡಲಿಲ್ಲ, ಸಂಗೀತಕ್ಕೆ ಮೀಸಲಾಗಬೇಕಿದ್ದ ವರ್ಷಗಳನ್ನು ಕಿತ್ತುಕೊಂಡಿತು.

ಅವನಿಗೆ ಸಂಗೀತ ಎಲ್ಲಿಂದ ಬಂತು ಎಂದು ತಿಳಿಯಬೇಕಾದರೆ 1966ರ ಒಂದು ಸಾಕ್ಷ್ಯಚಿತ್ರ ನೋಡಬೇಕು. ಅಣ್ಣ ಹ್ಯಾರಿಯೊಂದಿಗೆ ಕುಳಿತು ಮಾತಾಡುತ್ತಾನೆ. ಹ್ಯಾರಿ ಸಂಗೀತದ ಮೇಷ್ಟ್ರು, ಇವಾನ್ಸ್ ರಚಿಸಿದ ‘ವಾಲ್ಟ್ಜ್ ಫಾರ್ ಡೆಬಿ’ ಹ್ಯಾರಿಯ ಮಗಳ ಹೆಸರಿನ ಕೃತಿ. ಅಲ್ಲಿ ಇವಾನ್ಸ್ ವಿವರಿಸುವ ವಿಚಾರ ಇದು: ಕಲಿಯುವವರು ಪೂರ್ತಿ ಸಂಗೀತವನ್ನು ಅಂದಾಜಿನಲ್ಲಿ ನುಡಿಸಲು ಹೊರಡುತ್ತಾರೆ, ಅದರ ಬದಲು ಒಂದು ಸಣ್ಣ ತುಣುಕನ್ನು ಖಚಿತವಾಗಿ, ನಿಜವಾಗಿ ಮಾಡಿ ಅದರ ಮೇಲೆ ಕಟ್ಟಬೇಕು. ಸರಳೆ, ಜಂಟಿ ವರಸೆಗಳ ಮೊದಲ ಪಾಠಗಳನ್ನು ದಾಟಿ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹರ್ಬಿ ಹ್ಯಾನ್‌ಕಾಕ್, ಚಿಕ್ ಕೊರಿಯಾ, ಕೀತ್ ಜ್ಯಾರೆಟ್, ಅವನ ನಂತರ ಬಂದ ಈ ಪಿಯಾನೊ ವಾದಕರೆಲ್ಲರ ಕೈಗಳಲ್ಲೂ ಇವಾನ್ಸ್ ಇದ್ದಾನೆ. ಇಂದು ಅವನ ಕಾರ್ಡ್‌ಗಳು ಪಠ್ಯಪುಸ್ತಕದ ಮೊದಲ ಅಧ್ಯಾಯಗಳಲ್ಲಿವೆ. ತೊಂದರೆಯೂ ಅದೇ. ಬೆರಳುಗಳು ಆ ಆಕಾರವನ್ನು ವಾರದಲ್ಲಿ ಕಲಿಯುತ್ತವೆ, ಕಿವಿ ಪಕ್ಕದವನಿಗೆ ಜಾಗ ಬಿಟ್ಟಿರುವುದಿಲ್ಲ.

ಅದಕ್ಕೇ ತಕರಾರು ಎದ್ದ ದಿನ ನಾನು ಉತ್ತರ ಹೇಳುವುದಿಲ್ಲ. ವಿದ್ಯಾರ್ಥಿಯ ಎಡಗಡೆಗೆ ಕುರ್ಚಿ ಎಳೆದುಕೊಂಡು ಕೂರುತ್ತೇನೆ. ಅವನು ಮ-ದ-ಸ-ಗ ಹಿಡಿದಾಗ ಮಂದ್ರದಲ್ಲಿ ಒಂದು ರಿಷಭ ಒತ್ತುತ್ತೇನೆ, ಮುಂದಿನದಕ್ಕೆ ಪಂಚಮ. ಮೂರನೆಯ ಕಾರ್ಡ್‌ಗೆ ಮಾತ್ರ ಕೈ ಎತ್ತಿ ಒಂದು ಕ್ಷಣ ಕಾಯುತ್ತೇನೆ. ಅವನು ತಿರುಗಿ ನನ್ನ ಕೈ ನೋಡುತ್ತಾನೆ. ಆಗ ಷಡ್ಜ ಒತ್ತುತ್ತೇನೆ.