ಕಥೆಯ ಖಾರ

ಮೇ ತಿಂಗಳ ಕಲಬುರಗಿ. ಸಂಜೆ ಆರಾದರೂ ಮಾಳಿಗೆಯ ಕಟ್ಟೆ ಮುಟ್ಟಿದರೆ ಕೈ ಚುರ್ ಅನ್ನುತ್ತದೆ. ಅಕ್ಕನ ಮಗಳು ಒಂದು ಕೈಯಲ್ಲಿ ಮಿರ್ಚಿ ಭಜಿ, ಇನ್ನೊಂದರಲ್ಲಿ ಮೊಬೈಲು ಹಿಡಿದು ಕೂತಿದ್ದಳು. ಕಣ್ಣಲ್ಲಿ ನೀರು.

“ಖಾರ ಆಯ್ತೇನವಾ?”

“ಖಾರಕ್ಕಲ್ಲ ಮಾಮಾ. ಅಂವ ಆಕಿನ್ನ ಖೋಲ್ಯಾಗ ಹಾಕಿ ಕೀಲಿ ಜಡದಾನ.”

“ಹಂಗಿದ್ರ ಬಂದ್ ಮಾಡು.”

“ಹ್ಯಾಂಗ್ ಬಂದ್ ಮಾಡ್ಲಿ? ಮುಂದ ಏನಾಗ್ತದ ನೋಡಬೇಕಲ್ಲ!”

ಇಂಥ ಕರಾಳ ಪ್ರೇಮಕಥೆಗಳು ಅವಳ ಚಟ. ನಾಯಕ ಸಿಡುಕ, ಸಂಶಯದವ, ಒಮ್ಮೆ ಮುದ್ದು ಮಾಡಿದರೆ ಹತ್ತು ಸಲ ಅಳಿಸುವವ. ಇದನ್ನು ದುಡ್ಡು ಕೊಟ್ಟು ಓದಿ ಅಳುವುದೇಕೆ? ಉತ್ತರ ಅವಳ ಇನ್ನೊಂದು ಕೈಯಲ್ಲೇ ಇತ್ತು.

ಮೆಣಸಿನಕಾಯಿಯಲ್ಲಿ ಕ್ಯಾಪ್ಸೈಸಿನ್ ಎಂಬ ರಾಸಾಯನಿಕ ಇದೆ. ನಮ್ಮ ನಾಲಿಗೆಯ ನರಗಳಲ್ಲಿ ಬಿಸಿ ಗುರುತಿಸುವ ಒಂದು ಪ್ರೋಟೀನ್ ಇದೆ, ಹೆಸರು ಟಿಆರ್‌ಪಿವಿ1. ಬಿಸಿ ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು ‘ಸುಡ್ತಿದೆ’ ಎಂದು ಮಿದುಳಿಗೆ ಕೂಗುತ್ತದೆ. (ನಮ್ಮ ಬೇಸಿಗೆಯ ಕೆಲವು ಮಧ್ಯಾಹ್ನಗಳು ಅಲ್ಲಿಗೇ ಹೋಗಿ ಮುಟ್ಟುತ್ತವೆ.) ಕ್ಯಾಪ್ಸೈಸಿನ್ ಅಂಟಿಕೊಂಡರೆ ಬೆಂಕಿಯೇ ಇಲ್ಲದೆ ಅದೇ ಕೂಗು. 1997ರಲ್ಲಿ ಇದನ್ನು ಪತ್ತೆ ಮಾಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು.

ಬೆವರು, ಕಣ್ಣೀರು, ಮೂಗಿನ ಸೊರಸೊರ ಎಲ್ಲ ನಿಜ. ಸುಟ್ಟಿದ್ದು ಮಾತ್ರ ಸುಳ್ಳು.

ಅಮೆರಿಕದ ಮನೋವಿಜ್ಞಾನಿ ಪಾಲ್ ರೋಜಿನ್ ಇದನ್ನು ಮೆಕ್ಸಿಕೋದ ಹಳ್ಳಿಯೊಂದರಲ್ಲಿ ಕೂತು ನೋಡಿದರು. ದಿನಾ ಖಾರದ ಎಂಜಲು ತಿನ್ನುವ ನಾಯಿ, ಹಂದಿಗಳೂ ಎರಡು ಬಗೆ ಮುಂದಿಟ್ಟರೆ ಖಾರ ಇಲ್ಲದ್ದಕ್ಕೇ ಬಾಯಿ ಹಾಕಿದವು. ಮನುಷ್ಯರು ಮಾತ್ರ ಬೇಕೆಂದೇ ಬಾಯಿ ಉರಿಸಿಕೊಳ್ಳುತ್ತಾರೆ, ಅದೂ ತಡೆಯಲಾಗದ ಖಾರಕ್ಕಿಂತ ಒಂದೇ ಮೆಟ್ಟಿಲು ಕೆಳಗೆ. ಮೈ ‘ಓಡು’ ಅನ್ನುತ್ತದೆ, ಮನಸ್ಸು ‘ಏನಾಗಲ್ಲ, ಸುಮ್ನೆ ಕೂತ್ಕೋ’ ಅನ್ನುತ್ತದೆ. ಮೈ ಮೋಸಹೋಗಿದೆ ಎಂದು ಮನಸ್ಸಿಗೆ ಗೊತ್ತಿರುವುದೇ ಇಲ್ಲಿನ ಮಜಾ ಎನ್ನುತ್ತಾರೆ ರೋಜಿನ್. ಅಳಿಸುವ ಸಿನಿಮಾಗಳನ್ನೂ ಅವರು ಇದೇ ಸಾಲಿಗೆ ಸೇರಿಸಿದರು. ನಾನು ನಮ್ಮ ಶರಣಬಸವೇಶ್ವರ ಜಾತ್ರೆಯ ದೊಡ್ಡ ತಿರುಗೋ ತೊಟ್ಟಿಲನ್ನೂ ಸೇರಿಸುತ್ತೇನೆ.

ಆದರೆ ಮೈಯ ಕೂಗು ಯಾವುದಕ್ಕೆ ಎಂದು ನಮಗೆ ಯಾವಾಗಲೂ ಸರಿಯಾಗಿ ತಿಳಿಯುತ್ತದೆ ಎಂದೇನಿಲ್ಲ. ಕೆನಡಾದಲ್ಲಿ ಆಳ ಕಣಿವೆಯ ಮೇಲೆ ತೂಗಾಡುವ ಕ್ಯಾಪಿಲಾನೊ ಎಂಬ ಸೇತುವೆ ಇದೆ. ಡೊನಾಲ್ಡ್ ಡಟನ್ ಮತ್ತು ಆರ್ಥರ್ ಆರನ್ ಅಲ್ಲಿ ಮಾಡಿದ ಪ್ರಯೋಗ 1974ರಲ್ಲಿ ಪ್ರಕಟವಾಯಿತು. ಗಂಡಸರನ್ನು ಒಬ್ಬ ಯುವತಿ ನಿಲ್ಲಿಸಿ, ಒಂದಿಷ್ಟು ಪ್ರಶ್ನೆ ಕೇಳಿ, ಫೋನ್ ನಂಬರ್ ಕೊಟ್ಟಳು. ನಂಬರ್ ಇಸಕೊಂಡ 18 ಜನರಲ್ಲಿ 9 ಮಂದಿ ಆಮೇಲೆ ಫೋನ್ ಮಾಡಿದರು. ಗಟ್ಟಿ ಸೇತುವೆಯ ಮೇಲೆ ಸಿಕ್ಕ 16 ಜನರಲ್ಲಿ ಇಬ್ಬರೇ. ಎದೆ ಬಡಿದದ್ದು ಸೇತುವೆಗೆ, ಹೆಸರು ಬಂದದ್ದು ಹುಡುಗಿಗೆ. ಎಣಿಕೆ ಚಿಕ್ಕದು, ಅದರ ಮೇಲೆ ಜಾಸ್ತಿ ಭಾರ ಹಾಕಬಾರದು. ಆದರೂ ಇಂಥ ಕಥೆ ಬರೆಯುವವರಿಗೆ ಈ ಗುಟ್ಟು ಗೊತ್ತು: ಮೊದಲು ಹೆದರಿಸು, ಅದೇ ಉಸಿರಲ್ಲಿ ಮುದ್ದಿಸು.

ಹೊಸದೇನಲ್ಲ ಬಿಡಿ. ಜನ್ನ 1209ರಲ್ಲಿ ಬರೆದ ‘ಯಶೋಧರ ಚರಿತೆ’ಯಲ್ಲಿ ರಾಣಿ ಅಮೃತಮತಿ ಹಾಡು ಕೇಳಿ ಮನಸೋಲುವುದು ಕುರೂಪಿ ಮಾವುತನಿಗೆ. ತಡವಾಗಿ ಬಂದಳೆಂದು ಅವನು ಹೊಡೆಯುತ್ತಾನೆ. ಆದರೂ ಅವಳು ಅವನನ್ನು ಬಿಡುವುದಿಲ್ಲ.

ನನಗೂ ಒಳಗೊಳಗೇ ಅಳುಕಿತ್ತು. ಈ ಹುಡುಗಿ ಇದನ್ನೇ ಪ್ರೀತಿ ಅಂದುಕೊಂಡರೆ? ಹೋದ ತಿಂಗಳು ಹುಮನಾಬಾದಿನಿಂದ ಒಂದು ಸಂಬಂಧ ಬಂದಿತ್ತು. ಹುಡುಗನಿಗೆ ಒಳ್ಳೆ ನೌಕರಿ. ವಾರದೊಳಗೆ ಅವಳೇ ಬೇಡ ಅಂದಳು. “ದಿನಕ್ಕ ನಾಕ್ ಸಲ ಎಲ್ಲಿದ್ದಿ, ಯಾರ ಜೋಡಿ ಇದ್ದಿ ಅಂತ ಕೇಳ್ತಾನ ಮಾಮಾ.” ಕೀಲಿ ಜಡಿಯುವ ನಾಯಕನನ್ನು ರಾತ್ರಿಯೆಲ್ಲ ಓದುವವಳ ಮಾತಿದು!

ಕಂತು ಮುಗಿಯಿತು. ಮುಂದಿನದು ನಾಳೆಗೆ. ಅವಳು ಸಿಟ್ಟಿನಲ್ಲಿ ಮೊಬೈಲು ಬೋರಲು ಹಾಕಿ, ಉಳಿದ ಭಜಿಯನ್ನು ಒಂದೇ ತುತ್ತಿಗೆ ಬಾಯಿಗಿಟ್ಟಳು.

“ಹಾ… ಹಾ… ಮಾಮಾ, ನೀರು!”

ಕ್ಯಾಪ್ಸೈಸಿನ್ ನೀರಿಗೆ ಜಗ್ಗುವುದಿಲ್ಲ. ಮಜ್ಜಿಗೆ ತರಲು ಕೆಳಗಿಳಿದೆ.