ಗುದ್ದು ಹುಟ್ಟುವುದು ಹಿಂದಿನ ಕಾಲಿನಲ್ಲಿ

ಕೊಡಗಿನಲ್ಲಿ ಹುಡುಗನೊಬ್ಬ ಬಾಕ್ಸಿಂಗ್ ಕಲಿಯಲು ಹೊರಟರೆ ಸಾಕು, ಮನೆಗೆ ಬಂದವರೆಲ್ಲ ಅವನ ತೋಳು ಹಿಡಿದು ನೋಡುತ್ತಾರೆ. ತೋಳು ದಪ್ಪಗಿದ್ದರೆ ‘ಪರವಾಗಿಲ್ಲ, ಕೈ ತೂಕ ಇದೆ’ ಎಂಬ ಸರ್ಟಿಫಿಕೇಟು. ಸಣ್ಣಗಿದ್ದರೆ ಹಂದಿ ಮಾಂಸ, ಮೊಟ್ಟೆ, ಡಂಬೆಲ್ಸ್ ಅಂತ ಒಂದು ಪಟ್ಟಿ. ಪಟ್ಟಿಯ ಕೊನೆಗೆ ಈ ಮಾತು ಗ್ಯಾರಂಟಿ: ‘ಹೆದರಬೇಡ ಮಗಾ, ನಮ್ಮ ರಕ್ತದಲ್ಲೇ ಇದೆ.’ ಇಷ್ಟೆಲ್ಲ ಹೇಳುವವರಲ್ಲಿ ಒಬ್ಬರಾದರೂ ಆ ಹುಡುಗನ ಮೀನಖಂಡ ಮುಟ್ಟಿ ನೋಡಿದ್ದನ್ನು ನಾನು ಕಂಡಿಲ್ಲ. ನೋಡಬೇಕಾದ ಜಾಗ ಅದೇ.

ಸೋವಿಯತ್ ಸಂಶೋಧಕರು 120 ಬಾಕ್ಸರ್‌ಗಳ ನೇರ ಗುದ್ದನ್ನು ಪರೀಕ್ಷಿಸಿ 1985ರಲ್ಲಿ ಒಂದು ಲೆಕ್ಕ ಪ್ರಕಟಿಸಿದರು. ಗುದ್ದಿನ ಬಲದಲ್ಲಿ ಕಾಲಿನ ಪಾಲೆಷ್ಟು, ನಡು ಮತ್ತು ಬೆನ್ನಿನ ಪಾಲೆಷ್ಟು, ತೋಳಿನ ಪಾಲೆಷ್ಟು? ಪಳಗಿದ ಬಾಕ್ಸರ್‌ಗಳಲ್ಲಿ ಕಾಲಿನದು ಶೇ. 38, ಮುಂಡದ್ದು ಶೇ. 37, ತೋಳಿನದು ಬರೀ ಶೇ. 24. ಹೊಸಬರಲ್ಲಿ ಕಾಲಿನ ಪಾಲು ಶೇ. 16.5ಕ್ಕೆ ಇಳಿದು, ತೋಳಿನದು ಶೇ. 38ಕ್ಕೆ ಏರಿತ್ತು. ಹೊಸಬ ಕೈಯಿಂದ ಗುದ್ದುತ್ತಾನೆ, ಪಳಗಿದವನು ನೆಲದಿಂದ ಗುದ್ದುತ್ತಾನೆ. 2000ದಲ್ಲಿ ಬ್ರಿಟನ್ನಿನಲ್ಲಿ ನಡೆದ ಇನ್ನೊಂದು ಅಳತೆಯಲ್ಲಿ ಹೊಸಬರ ಹಿಂದಿನ ಕೈಯ ಗುದ್ದು ಸುಮಾರು 2,400 ನ್ಯೂಟನ್ (ಬಲವನ್ನು ಅಳೆಯುವ ಮಾನ) ಬಂದರೆ, ಮೇಲ್ಮಟ್ಟದವರದು 4,800 ನ್ಯೂಟನ್. ಸರಿಯಾಗಿ ಇಮ್ಮಡಿ. ತೋಳಿನ ಸುತ್ತಳತೆ ಇಮ್ಮಡಿ ಆಗಿರಲಿಲ್ಲ ಎಂದು ಬೇರೆ ಹೇಳಬೇಕಿಲ್ಲ.

ನೆಲದಿಂದ ಮುಷ್ಟಿಯವರೆಗೆ ಬಲ ಹೇಗೆ ಬರುತ್ತದೆ? ಫೆಬ್ರವರಿಯಲ್ಲಿ ಕಾಫಿ ಹೂವರಳಿಸುವ ಹೂಮಳೆ ಕೈಕೊಟ್ಟಾಗ ರೊಬಸ್ಟಾ ಕಾಫಿ ತೋಟಕ್ಕೆ ನೀರು ಹೊಡೆಸಿದವರಿಗೆ ಇದನ್ನು ವಿವರಿಸುವುದು ಸುಲಭ. ಪಂಪು ಇರುವುದು ಕೆಳಗೆ ಕೆರೆಯ ಪಕ್ಕ, ನೀರು ಚಿಮ್ಮಿಸುವ ಜೆಟ್ ತಿರುಗುವುದು ಮೇಲೆ ಗುಡ್ಡದ ಇಳಿಜಾರಿನಲ್ಲಿ. ಜೆಟ್ಟಿನ ಬಾಯಿಂದ ನೀರು ಎಷ್ಟು ದೂರ ಹಾರುತ್ತದೆ ಎನ್ನುವುದು ಪಂಪಿನ ಒತ್ತಡಕ್ಕೆ ಬಿಟ್ಟ ವಿಷಯ. ನಡುವೆ ಒಂದು ಪೈಪ್ ಜಾಯಿಂಟ್ ಸೋರಿದರೂ ಸಾಕು, ಪಂಪು ಎಷ್ಟು ಗುಡುಗಿದರೂ ಮೇಲೆ ಜೆಟ್ಟು ತೂಕಡಿಸುತ್ತದೆ. ಹಿಂದಿನ ಕಾಲು ನೆಲವನ್ನು ಒತ್ತುವುದು ಪಂಪು. ಸೊಂಟ, ನಡು, ಭುಜ, ಮೊಣಕೈ ಎಲ್ಲ ಜಾಯಿಂಟುಗಳು. ಮುಷ್ಟಿ ಕೊನೆಯ ನಾಝಲ್ಲು, ಅಷ್ಟೇ. ಹಿಂದಿನ ಪಾದದ ಹಿಮ್ಮಡಿ ಎದ್ದು ಹೊರಕ್ಕೆ ತಿರುಗಬೇಕು, ಅದರ ಹಿಂದೆಯೇ ಸೊಂಟ, ಸೊಂಟದ ಹಿಂದೆ ಭುಜ, ಎಲ್ಲಕ್ಕಿಂತ ಕೊನೆಗೆ ಮುಷ್ಟಿ. ಸೊಂಟಕ್ಕಿಂತ ಮೊದಲೇ ಭುಜ ಹೊರಟರೆ ಆ ಜಾಯಿಂಟಿನಲ್ಲಿ ಸೋರಿಕೆ ಆದ ಹಾಗೆ. ನೋಡುವವರಿಗೆ ಭರ್ಜರಿ ಗುದ್ದು, ತಿಂದವನಿಗೆ ತಳ್ಳಿದ ಹಾಗೆ.

ಜುಲೈ ತಿಂಗಳಲ್ಲಿ ಕಾಫಿ ಕಣದ ಸಿಮೆಂಟಿನ ಮೇಲೆ ಹಸಿರು ಪಾಚಿ ಕಟ್ಟಿರುತ್ತದಲ್ಲ, ಅಲ್ಲಿ ಗಟ್ಟಿಯಾಗಿ ಗುದ್ದಲು ಹೋದವನ ಪಾದ ನೋಡಿ. ಗುದ್ದು ಹೊರಡುವ ಮುಂಚೆಯೇ ಹಿಂದಿನ ಕಾಲು ಹಿಂದಕ್ಕೆ ಜಾರುತ್ತದೆ, ಕೈ ಮಾತ್ರ ಮುಂದೆ ಹೋಗಿ ತೂಗುಹಾಕಿದ ಗುದ್ದುವ ಬ್ಯಾಗನ್ನು ಸವರಿ ಬರುತ್ತದೆ. ಅದೇ ತೋಳು, ಅದೇ ಊಟ, ಅದೇ ರಕ್ತ. ಕಳೆದುಹೋಗಿದ್ದು ನೆಲದ ಘರ್ಷಣೆ ಮಾತ್ರ. ನೆಲವನ್ನು ಎಷ್ಟು ಒತ್ತುತ್ತೇವೋ ಅಷ್ಟೇ ಅದು ನಮ್ಮನ್ನು ತಿರುಗಿ ಒತ್ತುತ್ತದೆ ಎನ್ನುವ ನ್ಯೂಟನ್ನನ ಮೂರನೇ ನಿಯಮಕ್ಕೆ ಇದಕ್ಕಿಂತ ಚೆನ್ನಾದ ಪ್ರಯೋಗಶಾಲೆ ಬೇಕಿಲ್ಲ. (ಮಾಡಿ ನೋಡುವುದು ಬೇಡ. ಮಳೆಗಾಲದಲ್ಲಿ ನಮ್ಮೂರ ಮೂಳೆ ಡಾಕ್ಟರಿಗೆ ಹೇಗೂ ಬಿಡುವಿರುವುದಿಲ್ಲ.)

ಇನ್ನು ನನಗೆ ಅತಿ ಪ್ರಿಯವಾದ ಲೆಕ್ಕ. 1985ರಲ್ಲೇ ಬ್ರಿಟನ್ನಿನ ಹೆವಿವೇಟ್ ಬಾಕ್ಸರ್ ಫ್ರಾಂಕ್ ಬ್ರೂನೋನ ಗುದ್ದನ್ನು ವಿಜ್ಞಾನಿಗಳು ಅಳೆದರು. ಮುಷ್ಟಿಯ ವೇಗ ಸೆಕೆಂಡಿಗೆ 8.9 ಮೀಟರ್, ಅಂದರೆ ಗಂಟೆಗೆ 32 ಕಿಲೋಮೀಟರ್. ಬಲ 4,096 ನ್ಯೂಟನ್, ಹತ್ತಿರ ಹತ್ತಿರ ನಾಲ್ಕು ಕ್ವಿಂಟಲ್ ಭಾರ. ಆ ಶಿಖರ ಮುಟ್ಟಲು ತಗುಲಿದ ಸಮಯ 14 ಮಿಲಿಸೆಕೆಂಡ್. 2005ರಲ್ಲಿ ಅಮೆರಿಕದಲ್ಲಿ ಒಲಿಂಪಿಕ್ ಮಟ್ಟದ ಏಳು ಬಾಕ್ಸರ್‌ಗಳನ್ನು ಅಳೆದಾಗ ವೇಗ ಸರಾಸರಿ 9.14 ಮೀಟರ್, ಬಲ 3,427 ನ್ಯೂಟನ್ ಬಂತು. ಅದಕ್ಕಿಂತ ಸ್ವಾರಸ್ಯದ ಇನ್ನೊಂದು ಅಂಕಿ ಅಲ್ಲಿದೆ. ಗುರಿಗೆ ತಾಗಿದ ‘ಪರಿಣಾಮಕಾರಿ ರಾಶಿ’, ಅಂದರೆ ಗುದ್ದಿನ ಹಿಂದೆ ನಿಜವಾಗಿ ಕೆಲಸ ಮಾಡಿದ ತೂಕ, 2.9 ಕಿಲೋ.

ಎಪ್ಪತ್ತು ಕಿಲೋ ತೂಕದವನ ಹಸ್ತ ಅರ್ಧ ಕಿಲೋ ಕೂಡ ತೂಗುವುದಿಲ್ಲ. ಮುಂಗೈ ಸೇರಿಸಿದರೂ ಒಂದೂವರೆ ಕಿಲೋ. ಹಾಗಾದರೆ 2.9 ಕಿಲೋ ಎಲ್ಲಿಂದ ಬಂತು? ತಾಗುವ ಆ ಗಳಿಗೆಯಲ್ಲಿ ಮಣಿಕಟ್ಟು, ಮೊಣಕೈ, ಭುಜ ಎಲ್ಲವೂ ಸೆಟೆದು ಒಂದೇ ತುಂಡಾಗುತ್ತವೆ. ಆಗ ಎದುರಾಳಿಗೆ ತಾಗುವುದು ಬರೀ ಮುಷ್ಟಿಯಲ್ಲ, ಅದರ ಬೆನ್ನ ಹಿಂದಿರುವ ಮೈಯ ಒಂದು ಪಾಲು. ಮಣಿಕಟ್ಟು ಸ್ವಲ್ಪ ಮಡಿಸಿದರೆ ಆ ಪಾಲು ಅಲ್ಲೇ ಉಳಿಯುತ್ತದೆ, ಮೂಳೆಯೂ ಮುರಿಯಬಹುದು.

ಹಾಗಂತ ಮೊದಲಿಂದ ಕೊನೆಯವರೆಗೆ ಬಿಗಿಹಿಡಿದರೆ ಕೆಲಸ ಕೆಡುತ್ತದೆ. ಬಿಗಿದ ಸ್ನಾಯು ನಿಧಾನ. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಸ್ಟುವರ್ಟ್ ಮೆಕ್‌ಗಿಲ್ ಮತ್ತು ಸಂಗಡಿಗರು ಹೊಡೆತದ ಪಟುಗಳ ಸ್ನಾಯುಗಳಿಗೆ ಎಲೆಕ್ಟ್ರೋಡ್ ಅಂಟಿಸಿ ನೋಡಿ, 2010ರಲ್ಲಿ ವರದಿ ಮಾಡಿದ್ದು ಇದನ್ನೇ. ಸ್ನಾಯು ಎರಡು ಸಲ ಮಿಡಿಯುತ್ತದೆ. ಹೊರಡುವಾಗ ಒಮ್ಮೆ ಬಿಗಿತ, ದಾರಿಯಲ್ಲಿ ಸಡಿಲ, ತಾಗುವಾಗ ಮತ್ತೊಮ್ಮೆ ಬಿಗಿತ. ನಡುವಿನ ಆ ಸಡಿಲವೇ ವೇಗ ಕೊಡುವುದು. ಕೋಚ್‌ಗಳು ‘ಭುಜ ಬಿಡು, ಭುಜ ಬಿಡು’ ಎಂದು ಕಿರುಚುವುದು ಇದಕ್ಕೇ. ಕೋಪ ಬಂದವನ ಗುದ್ದು ಹಗುರಾಗುವುದೂ ಇದರಿಂದಲೇ. ಅವನ ಮೈಯಲ್ಲಿ ನಡುವಿನ ಸಡಿಲ ಇರುವುದಿಲ್ಲ.

ಡಂಬೆಲ್ಸ್ ಹಿಡಿದು ಗಾಳಿಗೆ ಗುದ್ದುವ ಚಾಳಿಯ ಬಗ್ಗೆ ನನ್ನ ಸಿಟ್ಟನ್ನು ಇಲ್ಲೇ ತೀರಿಸಿಕೊಳ್ಳುತ್ತೇನೆ. ಗುರುತ್ವ ಎಳೆಯುವುದು ಕೆಳಕ್ಕೆ, ಗುದ್ದು ಹೋಗುವುದು ಅಡ್ಡಕ್ಕೆ. ಕೈಯಲ್ಲಿ ಎರಡು ಕಿಲೋ ಹಿಡಿದರೆ ಭುಜದ ಸ್ನಾಯು ಅದು ಬೀಳದಂತೆ ಎತ್ತಿ ಹಿಡಿಯಲು ದಣಿಯುತ್ತದೆಯೇ ಹೊರತು ಗುದ್ದಿಗೆ ವಿಶೇಷ ಲಾಭವಿಲ್ಲ. ಸಾಲದ್ದಕ್ಕೆ, ಮೊಣಕೈ ಕಿತ್ತುಹೋಗದಿರಲಿ ಎಂದು ಮೈ ಕೊನೆಯಲ್ಲಿ ಬ್ರೇಕ್ ಹಾಕುವುದನ್ನು ಕಲಿಯುತ್ತದೆ. ಅಂದರೆ ತಾಗಬೇಕಾದ ಜಾಗದಲ್ಲೇ ನಿಧಾನವಾಗುವುದನ್ನು ಅಭ್ಯಾಸ ಮಾಡಿಸಿದಂತಾಯಿತು. ಭಾರ ಎತ್ತಬೇಡಿ ಎನ್ನುತ್ತಿಲ್ಲ. ಎತ್ತಬೇಕಾದದ್ದು ಕಾಲಿನಿಂದ. ಬಾರ್ಬೆಲ್ ಹೊತ್ತು ಸ್ಕ್ವಾಟ್ (ಕುಕ್ಕರುಗಾಲಿಗೆ ಕೂತು ಏಳುವುದು), ಡೆಡ್‌ಲಿಫ್ಟ್ (ನೆಲದಿಂದ ಭಾರ ಎತ್ತುವುದು), ನಿಂತಲ್ಲಿಂದ ಜಿಗಿತ. ಗೋಡೆಗೆ ಪಕ್ಕವಾಗಿ ನಿಂತು ಮೂರೋ ನಾಲ್ಕೋ ಕಿಲೋದ ಮೆಡಿಸಿನ್ ಬಾಲನ್ನು (ವ್ಯಾಯಾಮದ ಭಾರದ ಚೆಂಡು) ಸೊಂಟ ತಿರುಗಿಸಿ ಎಸೆಯುವುದು. ಎಸೆತ ಐದಾರು ಸಾಕು, ಪ್ರತಿಯೊಂದೂ ಪೂರ್ತಿ ರಭಸದಲ್ಲಿ, ನಡುವೆ ಧಾರಾಳ ವಿಶ್ರಾಂತಿ. ದಣಿದ ಮೇಲೆ ಎಸೆದ ಐವತ್ತು ಎಸೆತ ನಿಧಾನವನ್ನೇ ಕಲಿಸುತ್ತದೆ. ಗುದ್ದಿಗೆ ಸಿಗುವ ಸಮಯ ಸೆಕೆಂಡಿನ ಚೂರು. ಸ್ನಾಯು ಒಟ್ಟು ಎಷ್ಟು ಬಲ ಕೊಡಬಲ್ಲದು ಎನ್ನುವುದರ ಜೊತೆಗೆ ಅದನ್ನು ಎಷ್ಟು ಬೇಗ ಕೊಡುತ್ತದೆ ಎನ್ನುವುದೂ ಮುಖ್ಯ. ಸ್ಕಿಪ್ಪಿಂಗ್ ಹಗ್ಗ ಹಳೆಯದಾದರೂ ಬಾಕ್ಸರ್‌ಗಳು ಬಿಡದಿರುವುದು ಅದಕ್ಕೆ. ಹಿಮ್ಮಡಿಯ ಸ್ನಾಯುರಜ್ಜು ಹಿಗ್ಗಿ ಕುಗ್ಗುವ ಚುರುಕನ್ನು ಅದು ಕಲಿಸುತ್ತದೆ.

‘ಮಡಿಕೇರಿಯ ಎತ್ತರದಲ್ಲಿ ಓಡಿದರೆ ಶ್ವಾಸಕೋಶ ಗಟ್ಟಿ’ ಎಂಬ ಇನ್ನೊಂದು ಹೆಮ್ಮೆ ನಮ್ಮಲ್ಲಿದೆ. ಮಡಿಕೇರಿ ಇರುವುದು ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಮೇಲೆ. ಎತ್ತರದ ತರಬೇತಿಗೆ ಜಗತ್ತಿನ ಓಟಗಾರರು ಹೋಗುವುದು 2,000 ಮೀಟರಿನ ಆಚೆಗೆ. ನಮ್ಮ ಏರುದಾರಿಗಳು ಕಾಲಿಗೆ ಒಳ್ಳೆಯವು. ಗಾಳಿಯ ಮಹಿಮೆ ಅಂತೇನೂ ಇಲ್ಲ.

ರಕ್ತದ ಮಾತಿಗೆ ಬರೋಣ. ‘ವೀರ ಜನಾಂಗ’ ಎಂಬ ವಿಂಗಡಣೆ 1857ರ ದಂಗೆಯ ನಂತರ ಬ್ರಿಟಿಷರು ಸೈನ್ಯಕ್ಕೆ ಯಾರನ್ನು ಸೇರಿಸಿಕೊಳ್ಳಬೇಕು ಎಂದು ತಮ್ಮ ಅನುಕೂಲಕ್ಕೆ ಮಾಡಿಕೊಂಡದ್ದು. 1885ರಿಂದ 1893ರವರೆಗೆ ಭಾರತದ ದಂಡನಾಯಕನಾಗಿದ್ದ ಫ್ರೆಡರಿಕ್ ರಾಬರ್ಟ್ಸ್ ಅದರ ದೊಡ್ಡ ಪ್ರತಿಪಾದಕ. ಜೀವವಿಜ್ಞಾನಕ್ಕೂ ಅದಕ್ಕೂ ಸಂಬಂಧವಿಲ್ಲ. ಕೊಡಗಿನಿಂದ ಕಾರ್ಯಪ್ಪ, ತಿಮ್ಮಯ್ಯ ಬಂದರು, ಹಾಕಿಯಲ್ಲಿ ಸಾಲುಸಾಲು ಒಲಿಂಪಿಯನ್ನರು ಬಂದರು, ಬಾಕ್ಸಿಂಗ್‌ನಲ್ಲಿ ಚೇನಂಡ ಮಾಚಯ್ಯ ಅರ್ಜುನ ಪ್ರಶಸ್ತಿ ಪಡೆದರು. ಇದಕ್ಕೆ ಕಾರಣ ಹುಡುಕುವುದಾದರೆ ಊರೂರಿನ ಮೈದಾನ, ಪೊನ್ನಂಪೇಟೆಯ ಕ್ರೀಡಾ ಹಾಸ್ಟೆಲ್, ಆಟಕ್ಕೆ ಕಳಿಸಿದರೆ ಮಗ ಹಾಳಾದ ಎನ್ನದ ಅಪ್ಪ ಅಮ್ಮ, ಇವೆಲ್ಲ ಕಣ್ಣೆದುರಿಗೇ ಇವೆ. ರಕ್ತವನ್ನು ಹೊಗಳಿದರೆ ಬೆಳಗಿನ ಐದು ಗಂಟೆಗೆ ಎದ್ದವನ ಶ್ರಮವನ್ನು ಕದ್ದ ಹಾಗೆ.

ಪರಂಪರೆಯಿಂದ ಏನಾದರೂ ಕಲಿಯುವುದಿದ್ದರೆ ನಮ್ಮ ಸುಗ್ಗಿಹಬ್ಬ ಪುತ್ತರಿಯ ಹೊತ್ತಿಗೆ ಮಂದ್‌ನಲ್ಲಿ, ಅಂದರೆ ಊರ ಬಯಲಿನಲ್ಲಿ, ನಡೆಯುವ ಬೆತ್ತದ ಕಾದಾಟ ಪರಿಯಕಳಿ ನೋಡಬೇಕು. ಒಂದು ಕೈಯಲ್ಲಿ ಬೆತ್ತ, ಇನ್ನೊಂದರಲ್ಲಿ ಗುರಾಣಿ. ಹೊಡೆಯುವುದು ಮೊಣಕಾಲಿನ ಕೆಳಗೆ ಮಾತ್ರ. ಗುರಿ ಕಾಲೇ ಆದಾಗ ಕಾಲು ಒಂದು ಕಡೆ ನಿಂತರೆ ಬಾಸುಂಡೆ ಖಚಿತ. ಬೆತ್ತ ಬೀಸುವವನ ಕೈ ನೋಡುತ್ತ ಕುಳಿತವನು ಸೋಲುತ್ತಾನೆ, ಅವನ ಭುಜವನ್ನೂ ಹೆಜ್ಜೆಯನ್ನೂ ಓದಿದವನು ಉಳಿಯುತ್ತಾನೆ.

ಬಾಕ್ಸಿಂಗ್‌ನಲ್ಲೂ ಹಾಗೇ. ಮುಷ್ಟಿ ಸೊನ್ನೆಯಿಂದ ಹೊರಟು ಅರವತ್ತು ಸೆಂಟಿಮೀಟರ್ ದಾಟುವಷ್ಟರಲ್ಲಿ 9 ಮೀಟರ್ ವೇಗ ಮುಟ್ಟುತ್ತದೆ ಎಂದಿಟ್ಟುಕೊಳ್ಳಿ. ಸರಾಸರಿ ವೇಗ ನಾಲ್ಕೂವರೆ ಮೀಟರ್, ಪ್ರಯಾಣದ ಸಮಯ ಸುಮಾರು 0.13 ಸೆಕೆಂಡ್. ಕಣ್ಣು ಕಂಡದ್ದಕ್ಕೆ ಮೈ ಸ್ಪಂದಿಸಲು ಶುರುಮಾಡುವುದಕ್ಕೇ 0.2 ಸೆಕೆಂಡ್ ಬೇಕು, ತಲೆ ಸರಿಸುವ ಸಮಯ ಬೇರೆ. ಲೆಕ್ಕದ ಪ್ರಕಾರ ಯಾರೂ ಯಾವ ಗುದ್ದನ್ನೂ ತಪ್ಪಿಸಿಕೊಳ್ಳಲಾಗದು. ಆದರೂ ತಪ್ಪಿಸಿಕೊಳ್ಳುತ್ತಾರೆ. ಹೇಗೆಂದರೆ, ಅವರು ಮುಷ್ಟಿಯನ್ನು ನೋಡುವುದೇ ಇಲ್ಲ. ದೊಡ್ಡ ಗುದ್ದು ಹಿಮ್ಮಡಿಯಲ್ಲಿ ಹುಟ್ಟಿ ಸೊಂಟ, ಭುಜ ದಾಟಿ ಬರಬೇಕಲ್ಲ, ಆ ದಾರಿಯಲ್ಲೇ ಸುದ್ದಿ ಸೋರುತ್ತದೆ. ಬಲ ಕೊಡುವ ಸರಪಳಿಯೇ ಗುಟ್ಟನ್ನೂ ಬಿಟ್ಟುಕೊಡುತ್ತದೆ. ಸರಪಳಿ ಚಿಕ್ಕದಾದ ಜ್ಯಾಬ್ (ಮುಂದಿನ ಕೈಯ ಚುಟುಕು ನೇರ ಗುದ್ದು) ಅತಿ ದುರ್ಬಲ ಗುದ್ದಾದರೂ ತಪ್ಪಿಸಿಕೊಳ್ಳಲು ಅತಿ ಕಷ್ಟ. ಅದಕ್ಕೇ ಜ್ಯಾಬಿಗೆ ಉತ್ತರ ಕಣ್ಣಲ್ಲ, ಅಂತರ. ಎದುರಾಳಿ ಹೆಜ್ಜೆ ಇಡದೆ ಮುಟ್ಟಲಾಗದಷ್ಟು ದೂರ ನಿಂತರೆ ಅವನು ಮೊದಲು ಹೆಜ್ಜೆ ಇಡಲೇಬೇಕು. ಆ ಹೆಜ್ಜೆ ನಿಮಗೆ ಸಮಯ ಕೊಡುತ್ತದೆ.

ಅಭ್ಯಾಸಕ್ಕೆ ಒಂದು ಹಗ್ಗ ಸಾಕು. ಕಣದ ಎರಡು ಕಂಬಗಳ ನಡುವೆ ಭುಜದ ಎತ್ತರಕ್ಕೆ ಕಟ್ಟಿ, ಹಗ್ಗದ ಈ ಬದಿಯಿಂದ ಆ ಬದಿಗೆ ತಲೆ ತಗ್ಗಿಸಿ ಏಳುತ್ತ ಹೆಜ್ಜೆ ಹೆಜ್ಜೆಯಾಗಿ ಮುಂದೆ ಹೋಗಬೇಕು. ಹೊಸ ಹುಡುಗ ಸೊಂಟ ಬಗ್ಗಿಸುತ್ತಾನೆ, ಅವನ ಕಣ್ಣು ನೆಲ ನೋಡುತ್ತದೆ, ಹಿಂಭಾಗ ಹಿಂದಕ್ಕೆ ಹೋಗುತ್ತದೆ, ಪಾದಗಳು ಒಂದೇ ಗೆರೆಗೆ ಬರುತ್ತವೆ. ಅಲ್ಲಿಂದ ತಿರುಗಿ ಗುದ್ದಲು ಸಾಧ್ಯವೇ ಇಲ್ಲ. ಒಂದೆರಡು ವಾರ ಕಳೆದ ಮೇಲೆ ಅವನೇ ಮೊಣಕಾಲು ಮಡಿಸಲು ಕಲಿತಿರುತ್ತಾನೆ. ಬೆನ್ನು ನೆಟ್ಟಗೆ, ಕಣ್ಣು ಎದುರಿಗೆ. ಬಲಕ್ಕೆ ಜಾರಿದಾಗ ಮೈಭಾರ ಬಲಗಾಲಿನ ಮೇಲೆ ಕೂತಿರುತ್ತದೆ. ಆ ಕಾಲು ಈಗ ಸ್ಕ್ವಾಟ್‌ನ ಕೆಳತುದಿಯಲ್ಲಿದೆ, ಒತ್ತಲು ತಯಾರಾಗಿದೆ. ತಪ್ಪಿಸಿಕೊಂಡ ಚಲನೆಯೇ ಮುಂದಿನ ಗುದ್ದಿನ ಮೊದಲರ್ಧ. ಬಲಕ್ಕೊಂದು ತರಬೇತಿ, ರಕ್ಷಣೆಗೊಂದು ತರಬೇತಿ ಎಂದು ಟೈಮ್‌ಟೇಬಲ್ ಹರಿದು ಹಂಚುವವರಿಗೆ ನನ್ನ ತಕರಾರು ಇದೇ. ಎರಡೂ ಅದೇ ಕಾಲಿನ ಕೆಲಸ. ತಲೆ ಸರಿಯಬೇಕಾದದ್ದು ಒಂದು ಗ್ಲೌಸಿನ ಅಗಲದಷ್ಟು ಮಾತ್ರ. ಹೆಚ್ಚು ಸರಿದರೆ ಚೆಂದ ಕಾಣುತ್ತದೆ, ವಾಪಸು ಬರುವುದು ತಡವಾಗುತ್ತದೆ.

ತಪ್ಪಿಸಿಕೊಳ್ಳಲಾಗದ ಗುದ್ದೂ ಇರುತ್ತದೆ. ಆಗ ಅದರ ಜೊತೆ ಹಿಂದಕ್ಕೆ ಹೋಗಬೇಕು. 2.9 ಕಿಲೋ ವಸ್ತುವನ್ನು 9 ಮೀಟರ್ ವೇಗದಿಂದ 14 ಮಿಲಿಸೆಕೆಂಡಿನಲ್ಲಿ ನಿಲ್ಲಿಸಲು ಸರಾಸರಿ 1,900 ನ್ಯೂಟನ್ ಬೇಕು. ಸಮಯವನ್ನು ಇಮ್ಮಡಿ ಮಾಡಿ, ಬಲ ಅರ್ಧವಾಗುತ್ತದೆ. 1974ರ ಅಕ್ಟೋಬರ್ 30ರಂದು ಕಿನ್ಶಾಸಾದಲ್ಲಿ ಮಹಮ್ಮದ್ ಅಲಿ ರಿಂಗಿನ ಹಗ್ಗಕ್ಕೆ ಒರಗಿ ಜಾರ್ಜ್ ಫೋರ್‌ಮನ್‌ನ ಗುದ್ದುಗಳನ್ನು ತೋಳುಗಳ ಮೇಲೆ ತೆಗೆದುಕೊಂಡದ್ದನ್ನು ಧೈರ್ಯ ಎಂದು ಎಲ್ಲರೂ ಹೊಗಳುತ್ತಾರೆ. ಹಿಂದಕ್ಕೆ ಬಾಗಿದ ಆ ಹಗ್ಗವೂ ಅವನ ಪರವಾಗಿ ಸಮಯ ಹಿಗ್ಗಿಸುತ್ತಿತ್ತು. ಎಂಟನೇ ಸುತ್ತಿನಲ್ಲಿ ಬಿದ್ದದ್ದು ಫೋರ್‌ಮನ್.

ತಲೆಯ ವಿಷಯ ಮಾತ್ರ ಬೇರೆ. ಆಕ್ಸ್‌ಫರ್ಡಿನ ಭೌತವಿಜ್ಞಾನಿ ಹೋಲ್‌ಬೋರ್ನ್ 1943ರಲ್ಲೇ ಜೆಲಟಿನ್ ತುಂಬಿದ ಮಾದರಿಗಳಿಂದ ತೋರಿಸಿದಂತೆ, ಮಿದುಳಿಗೆ ಹೆಚ್ಚು ಕೇಡು ಮಾಡುವುದು ತಲೆ ಕತ್ತಿನ ಮೇಲೆ ಗಿರ್ರನೆ ಹೊರಳುವುದು. ಗದ್ದದ ತುದಿಗೆ ಬಿದ್ದ ಹುಕ್ (ಪಕ್ಕದಿಂದ ಬಾಗಿ ಬರುವ ಗುದ್ದು) ತಲೆಯನ್ನು ಹಾಗೆ ಹೊರಳಿಸಿಬಿಡುತ್ತದೆ. ಗದ್ದವನ್ನು ಎದೆಗೆ ಒತ್ತಿ ಭುಜದ ಮರೆಯಲ್ಲಿಡು ಎನ್ನುವುದು, ಕತ್ತಿನ ಸ್ನಾಯು ಬಲಪಡಿಸು ಎನ್ನುವುದು ಅದಕ್ಕಾಗಿ. ಹೆಡ್‌ಗಾರ್ಡ್ ಹಾಕಿದರೆ ಸಾಕು ಎಂದು ನಂಬಿದ ಅಪ್ಪ ಅಮ್ಮಂದಿರು ತುಂಬಾ ಇದ್ದಾರೆ. ಹುಬ್ಬು ಹರಿಯುವುದನ್ನು ಅದು ತಡೆಯುತ್ತದೆ. ತಲೆ ಹೊರಳುವುದನ್ನು ತಡೆಯುವುದಿಲ್ಲ, ಹಾಗಾಗಿ ತಲೆಬುರುಡೆಯ ಒಳಗಿರುವ ಮಿದುಳಿಗೆ ಕೇಡು ತಪ್ಪುವುದಿಲ್ಲ.

ಹವ್ಯಾಸಿ ಬಾಕ್ಸಿಂಗಿನ ನಿಯಮದಲ್ಲಿ ತಲೆಗೆ ಬಿದ್ದ ಏಟಿನಿಂದ ನಾಕೌಟ್ ಆದವನು ಕನಿಷ್ಠ ಮೂವತ್ತು ದಿನ ರಿಂಗಿಗೆ ಇಳಿಯುವಂತಿಲ್ಲ, ಸ್ಪಾರಿಂಗೂ (ಅಭ್ಯಾಸದ ಗುದ್ದಾಟ) ಇಲ್ಲ. ಮನೆಯಂಗಳದಲ್ಲಿ ಅಣ್ಣತಮ್ಮಂದಿರು ಗ್ಲೌಸ್ ಹಾಕಿಕೊಂಡು ಬಡಿದಾಡುವಾಗ ಈ ಲೆಕ್ಕ ಇಡುವವರು ಯಾರೂ ಇರುವುದಿಲ್ಲ. ಏಟು ತಿಂದ ಹುಡುಗ ‘ಏನಿಲ್ಲ ಮಾವ, ಸ್ವಲ್ಪ ಮಂಜು ಮಂಜು’ ಅಂದರೆ ಅವತ್ತಿಗೆ ಗ್ಲೌಸ್ ಬಿಚ್ಚಿಸಿ ಡಾಕ್ಟರಿಗೆ ತೋರಿಸಿ. ರಾತ್ರಿ ವಾಂತಿ, ತಡೆಯಲಾಗದ ತಲೆನೋವು, ಎಬ್ಬಿಸಿದರೂ ಏಳದ ಮಂಪರು ಕಂಡರೆ ಬೆಳಗಾಗಲಿ ಎಂದು ಕಾಯದೆ ಜೀಪು ಹೊರಡಿಸಿ.